ಗವಿಪುರದ ಏರಿನಲ್ಲಿ ನಿಂತ ಬಸ್ಸು

ಏಳನೆಯ ಕಂತು

ಫ್ರಿಜ್ಜಿನ ಒಳಗೆ ಸೀಮೆಸುಣ್ಣದ ಡಬ್ಬಿಗಳಿದ್ದವು.

ಮಾಧವಿ ಬಾಗಿಲು ಹಿಡಿದುಕೊಂಡೇ ನಿಂತಳು. ಮೇಲಿನ ಅರೆಯಲ್ಲಿ ಸೀಮೆಸುಣ್ಣ, ಅದರ ಕೆಳಗೆ ಡಸ್ಟರುಗಳು, ತರಕಾರಿ ಇಡುವ ಡಬ್ಬದಲ್ಲಿ ಗಣಪತಿ ಹಬ್ಬದ ದೀಪಗಳು, ಬತ್ತಿಯ ಪೊಟ್ಟಣ. ಒಳಗಿನ ಪುಟ್ಟ ಬಲ್ಬು ಇದೆಲ್ಲ ಮಾಮೂಲಿ ಎಂಬಂತೆ ಉರಿಯುತ್ತಿತ್ತು.

"ಹೆಡ್ ಮೇಡಂ, ಇದೇನ್ರೀ ಇದು?"

ಮುಖ್ಯೋಪಾಧ್ಯಾಯಿನಿ ಮಹಾನಂದ ತಲೆ ಎತ್ತಲಿಲ್ಲ. "ಯಾಕೆ, ಏನ್ ಬೇಕಿತ್ತು?"

"ಕಣ್ಣಿನ ಡ್ರಾಪ್ಸ್ ಇಡ್ಬೇಕಿತ್ತು. ತಣ್ಣಗಿರ್ಬೇಕು ಅಂದಿದಾರೆ ಡಾಕ್ಟ್ರು."

"ಅಯ್ಯೋ, ಅದ್ರಲ್ಲಿ ಇಡ್ಬೇಡಿ. ಹಗಲು ತಣ್ಣಗಿರುತ್ತೆ, ರಾತ್ರಿ ಬೆಚ್ಚಗಾಗುತ್ತೆ. ಹಾಲಿಟ್ರೆ ಬೆಳಿಗ್ಗೆಗೆ ಮೊಸರು. ಅದಕ್ಕೇ ಬೀರು ಮಾಡ್ಕೊಂಡಿದೀವಿ."

ಮಾಧವಿ ನಕ್ಕಳು. ನಕ್ಕ ಮೇಲೆ ಆ ಮಾತು ನಿಧಾನವಾಗಿ ತಲೆಯೊಳಗೆ ಇಳಿಯಿತು. ರಾತ್ರಿ ಯಾಕೆ ಬೆಚ್ಚಗಾಗುತ್ತದೆ?

ಅಷ್ಟರಲ್ಲಿ ತುಳಸಮ್ಮ ಕಾಫಿ ತಂದಿಟ್ಟಳು. ಮೇಜಿನ ಮೇಲೆ ಲೋಟ ಇಟ್ಟದ್ದೂ ಕೇಳಿಸಲಿಲ್ಲ. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಧವಿಯ ಮುಖದ ಕಡೆ ಒಮ್ಮೆಯೂ ನೋಡದೆ ಹೊರಟುಹೋದಳು. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅವಳು. ಚಾಲಕ ಚಲುವರಾಜುವಿನ ಹೆಂಡತಿ. ಕಳೆದ ಶನಿವಾರ ಆಡಳಿತ ಮಂಡಳಿಯವರೆಲ್ಲರ ಎದುರು ಮಾಧವಿ ಬೆರಳು ತೋರಿಸಿ, ಬಸ್ಸಿನ ಚಾರ್ಜರ್ ಕಿತ್ತವನು ಇವನೇ ಎಂದು ಹೇಳಿದ್ದು ಆ ಚಲುವರಾಜುವನ್ನೇ.

ಮಾಧವಿ ಲೋಟ ಕೈಗೆತ್ತಿಕೊಂಡಳು. ತಾನು ಮಾಡಿದ್ದು ನ್ಯಾಯ ಎಂದು ಅವಳು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಲೇ ಇದ್ದಳು. ನ್ಯಾಯ ಮಾಡಿದವರಿಗೆ ಹಾಗೆ ಪದೇ ಪದೇ ಹೇಳಿಕೊಳ್ಳುವ ಗರಜು ಇರುವುದಿಲ್ಲ.

ಚಾಮರಾಜಪೇಟೆಯ ಗುರುಸಿದ್ಧ ವಿದ್ಯಾಸಂಸ್ಥೆಗೆ ಡೀಸೆಲ್ ಬಸ್ಸುಗಳನ್ನೆಲ್ಲ ಬಿಟ್ಟು ಎಲೆಕ್ಟ್ರಿಕ್ ಬಸ್ಸಿಗೆ ಬದಲಾಗುವ ಆಸೆ. ಅದಕ್ಕೆ ಯೋಜನೆ ಬರೆಯಲು ಬಂದವನು ಮಾಧವಿಯ ತಮ್ಮನ ಮಗ ಕಶ್ಯಪ್. ಅವನ ಮುಂದೆ ಇದ್ದದ್ದು ಎರಡು ದಾರಿ. ಸಂಸ್ಥೆಯೇ ಬಸ್ಸು ಕೊಂಡು, ತನ್ನ ಅಂಗಳದಲ್ಲೇ ಚಾರ್ಜ್ ಮಾಡಿಕೊಂಡು, ಈಗಿರುವ ಚಾಲಕರಿಗೇ ತರಬೇತಿ ಕೊಟ್ಟು ಓಡಿಸುವುದು ಒಂದು. ಬಸ್ಸು, ಚಾರ್ಜರು, ಚಾಲಕರು ಎಲ್ಲವನ್ನೂ ಹೊರಗಿನ ಕಂಪನಿಯಿಂದ ಗುತ್ತಿಗೆಗೆ ತೆಗೆದುಕೊಳ್ಳುವುದು ಇನ್ನೊಂದು. ಎರಡನೆಯದಾದರೆ ಹಳೆಯ ಚಾಲಕರೆಲ್ಲ ಮನೆಗೆ.

ಯಾವುದು ಸರಿ ಎಂದು ನೋಡಲು ಒಂದು ಬಸ್ಸು ಪರೀಕ್ಷೆಗೆ ಬಂತು. ಪರೀಕ್ಷೆಯ ಬೆಳಿಗ್ಗೆ, ತುಂಬ ಮಕ್ಕಳನ್ನು ಕೂರಿಸಿಕೊಂಡು ಹೊರಟ ಆ ಬಸ್ಸು ಗವಿಪುರದ ಏರಿನ ನಡುವೆ ಉಸಿರು ನಿಂತವರ ಹಾಗೆ ನಿಂತುಬಿಟ್ಟಿತು. ಹಿಂದೆ ಹಾರನ್ನುಗಳ ಗದ್ದಲ, ಒಳಗೆ ಪುಟಾಣಿಗಳ ಅಳು. ತಂದೆತಾಯಿಗಳು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ರಾತ್ರಿಯಿಡೀ ಚಾರ್ಜ್ ಆಗಬೇಕಿದ್ದ ಬ್ಯಾಟರಿ ಅರ್ಧವೂ ತುಂಬಿರಲಿಲ್ಲ.

"ನಮ್ಮ ಅತ್ತೆ ಪೊಲೀಸ್ ಡಿಪಾರ್ಟ್‌ಮೆಂಟಲ್ಲಿದ್ರು, ಅವರನ್ನ ಕರೆಸೋಣ" ಎಂದು ತ್ಯಾಗರಾಜನಗರದ ಮನೆಯಲ್ಲಿ ನಿವೃತ್ತಿಯ ದಿನ ತಳ್ಳುತ್ತಿದ್ದ ಮಾಧವಿಯನ್ನು ಕರೆತಂದವನೂ ಕಶ್ಯಪನೇ. ಚಾರ್ಜಿಂಗ್ ಸಂಜೆಯೇ ತಟ್ಟನೆ ನಿಂತಿತ್ತು ಎಂದು ಲೆಕ್ಕ ತೋರಿಸಿದವನೂ ಅವನೇ. ಅದೇ ಸಂಜೆ ಚಲುವರಾಜು ಅಂಗಳದಲ್ಲಿ ನಡೆದುಹೋದದ್ದು ಹೊಸ ಕಟ್ಟಡದ ಕ್ಯಾಮೆರಾದಲ್ಲಿತ್ತು. ಎಲೆಕ್ಟ್ರಿಕ್ ಬಸ್ ಬಂದರೆ ನಮ್ಮ ಹೊಟ್ಟೆ ಮೇಲೆ ಕಲ್ಲು ಎಂದು ಅವನು ಆಯುಧಪೂಜೆಯ ದಿನ ಎಲ್ಲರೆದುರು ಕೂಗಾಡಿದ್ದನ್ನು ಕೇಳಿದವರಿದ್ದರು.

"ಗನ್ ಸರಿಯಾಗಿ ಕೂತಿದ್ಯಾ ಅಂತ ನೋಡೋಕ್ ಹೋಗಿದ್ದೆ ಮೇಡಂ" ಎಂದಿದ್ದ ಚಲುವರಾಜು. ಬಸ್ಸಿಗೆ ಸಿಕ್ಕಿಸುವ ಚಾರ್ಜರಿನ ಹಿಡಿಗೆ ಚಾಲಕರು ಗನ್ ಎನ್ನುತ್ತಾರೆ. "ಬೆಳಿಗ್ಗೆ ಚಾರ್ಜ್ ಕಮ್ಮಿ ಇದೆ ಅಂತ ಕಶ್ಯಪ್ ಸಾರ್‌ಗೆ ಹೇಳ್ದೆ. ಸಾಕು, ಹೊರಡು ಅಂದ್ರು."

ಹಾಗೆ ಹೇಳಲೇ ಇಲ್ಲ ಎಂದ ಕಶ್ಯಪ್. ಮಾಧವಿ ಯಾರ ಮಾತು ನಂಬಿದಳು ಎಂದು ಕೇಳಬೇಕೇ? ಎತ್ತಿ ಆಡಿಸಿದ ಹುಡುಗ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದವಳಿಗೆ ಎದುರಿಗಿದ್ದದ್ದು ಕಾಣಲಿಲ್ಲ.

ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಮಂಡಳಿಯ ಕೊನೆಯ ಸಭೆ. ಶನಿವಾರದಿಂದಲೇ ಮನೆಯಲ್ಲಿ ಕೂರಿಸಿರುವ ಚಲುವರಾಜುವನ್ನು ಕೆಲಸದಿಂದ ತೆಗೆದುಹಾಕುವುದು ಅಲ್ಲೇ, ಬಸ್ಸು ಯಾವ ದಾರಿ ಹಿಡಿಯಬೇಕೆಂಬ ತೀರ್ಮಾನವೂ ಅಲ್ಲೇ.

"ಹೆಡ್ ಮೇಡಂ" ಎಂದಳು ಮಾಧವಿ, ಲೋಟ ಪಕ್ಕಕ್ಕೆ ಸರಿಸಿ. "ಈ ಫ್ರಿಜ್ ರಾತ್ರಿ ಯಾಕೆ ಓಡಲ್ಲ?"

"ಕರೆಂಟ್ ಇರಲ್ವಲ್ಲ."

"ಚಾಮರಾಜಪೇಟೇಲಿ ದಿನಾ ರಾತ್ರಿ ಕರೆಂಟ್ ಹೋಗುತ್ತಾ?"

"ಬೀದೀಲಿ ಇರುತ್ತೆ. ಈ ಹಳೇ ಬಿಲ್ಡಿಂಗಲ್ಲಿ ಇರಲ್ಲ. ಸಂಜೆ ಎಲ್ಲಾ ಹೋದ್ಮೇಲೆ ಮೇನ್ ಆಫ್ ಆಗುತ್ತೆ. ನಾನು ಸೇರಿದಾಗಿಂದ ಹಂಗೇ."

"ಯಾರ್ ಆಫ್ ಮಾಡ್ತಾರೆ?"

ಮಹಾನಂದ ಈಗ ಪೆನ್ನು ಕೆಳಗಿಟ್ಟರು. ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂದು ಅವರಿಗೂ ಹೊಳೆದಂತಿತ್ತು.

"ಮೆಟ್ಟಿಲ ಕೆಳಗೆ ಇದೆ, ನೋಡ್ಕೊಂಡ್ ಬನ್ನಿ" ಎಂದರು ಮೆಲ್ಲಗೆ. ಹೆಸರು ಹೇಳಲಿಲ್ಲ.

ಮೆಟ್ಟಿಲ ಕೆಳಗೆ ಗೋಡೆಗೆ ಒಂದು ಹಳೆಯ ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲಿ ಎಳೆಯಬೇಕಾದ ಹಿಡಿ. ಪೆಟ್ಟಿಗೆಯಿಂದ ಹೊರಟ ತಂತಿಗಳೆಲ್ಲ ಧೂಳು ಹಿಡಿದು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಒಂದು ಮಾತ್ರ ಹೊಚ್ಚಹೊಸದು, ಕಪ್ಪಗೆ ದಪ್ಪಗೆ ಮಿರುಗುತ್ತಿತ್ತು. ಮಾಧವಿ ಅದರ ಬೆನ್ನು ಹಿಡಿದು ಹೊರಟಳು. ಗೋಡೆಯ ಅಂಚಿನಲ್ಲಿ ಸಾಗಿ, ಕಿಟಕಿಯ ಮೂಲೆಯಲ್ಲಿ ಹೊರಗೆ ನುಸುಳಿ, ಅಂಗಳ ದಾಟಿ ಅದು ಬಸ್ಸಿನ ಚಾರ್ಜರಿಟ್ಟ ತಗಡಿನ ಚಪ್ಪರದೊಳಗೆ ಹೊಕ್ಕಿತ್ತು. ಹೊಸ ಮೀಟರು ಬರುವವರೆಗೆ ತಾತ್ಕಾಲಿಕವಾಗಿ ಇಲ್ಲಿಂದಲೇ ಲೈನು ಎಳೆದಿದ್ದರು.

ಅವಳು ಹಿಂದಿರುಗಿ ಬಂದು ಆ ಹಿಡಿಯನ್ನು ಹತ್ತಿರದಿಂದ ನೋಡಿದಳು. ಹಿಡಿಯ ಮೇಲೆ ಬಿಳಿಯ ಪುಡಿ ಮೆತ್ತಿತ್ತು. ಶಾಲೆಯಲ್ಲವೇ, ಸೀಮೆಸುಣ್ಣ ಎಂದುಕೊಂಡಳು. ಬೆರಳಲ್ಲಿ ಸವರಿ ಮೂಗಿನ ಬಳಿ ಹಿಡಿದಳು.

ವಿಭೂತಿ.

ಹಿಡಿ ಎಳೆದು, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡು, ಹಣೆ ಸವರಿಕೊಂಡು, ಮರುದಿನ ಅದೇ ಕೈಯಲ್ಲಿ ಮತ್ತೆ ಹಿಡಿ ಎಳೆಯುವವರ ಗುರುತು ಅದು. ಈ ಸಂಸ್ಥೆಯಲ್ಲಿ ಹಾಗೆ ಮಾಡುವ ಒಬ್ಬರೇ ಒಬ್ಬರು ಅವಳಿಗೆ ಗೊತ್ತಿದ್ದರು. ಶನಿವಾರದ ಸಭೆಯಲ್ಲಿ ಅವರು ಮೊದಲ ಸಾಲಿನಲ್ಲೇ ಕುಳಿತಿದ್ದರು. ಅವಳ ಮಾತು ಮುಗಿಯುವವರೆಗೂ ನೆಲ ನೋಡುತ್ತಿದ್ದರು.

*

ಅವೆನ್ಯೂ ರಸ್ತೆಯಲ್ಲಿ ಆಟೋ ಒಳಗೆ ಹೋಗುವುದಿಲ್ಲ ಎಂದು ಡ್ರೈವರ್ ತುದಿಯಲ್ಲೇ ಇಳಿಸಿದ. ಹಳೆಯ ಪುಸ್ತಕದ ರಾಶಿ, ಹೊರೆ ಹೊತ್ತವರ "ಸೈಡು, ಸೈಡು", ಮದುವೆ ಕಾಗದದ ಅಂಗಡಿಗಳ ಮುಂದೆ ಗುಂಪು. ಅವೆಲ್ಲವನ್ನೂ ದಾಟಿ ಮಾಧವಿ ನಂಜುಂಡಯ್ಯನವರ ಕಾಗದದ ಮಳಿಗೆಯ ಮೆಟ್ಟಿಲು ಹತ್ತಿದಳು.

ವಿದ್ಯಾಸಂಸ್ಥೆ ಕಟ್ಟಿದ್ದು ನಂಜುಂಡಯ್ಯನವರ ತಂದೆ. ಈಗ ಇವರು ಅದರ ಗೌರವ ಕಾರ್ಯದರ್ಶಿ. ಹಣೆ ತುಂಬ ವಿಭೂತಿ, ಮಡಿಕೆ ಕೆಡದ ಬಿಳಿ ಪಂಚೆ. ಬಂಡಲುಗಳ ನಡುವೆ ಗಾದಿಯ ಮೇಲೆ ಕುಳಿತಿದ್ದವರು ಮಾಧವಿಯನ್ನು ಕಂಡು ಎದ್ದುನಿಂತರು.

"ಬನ್ನಿ ತಾಯಿ, ಬನ್ನಿ. ಬಾದಾಮಿ ಹಾಲು ತರಿಸ್ಲಾ?"

"ಬೇಡ ಯಜಮಾನ್ರೇ. ಒಂದು ಮಾತು ಕೇಳೋಕ್ ಬಂದೆ."

"ಕೇಳಿ."

"ಪರೀಕ್ಷೆ ಹಿಂದಿನ ದಿನ ಸಂಜೆ ಸ್ಕೂಲಿನ ಮೇನ್ ಆಫ್ ಮಾಡಿದ್ರಾ?"

ನಂಜುಂಡಯ್ಯ ಪಕ್ಕದ ಕಾಗದದ ಬಂಡಲನ್ನು ನೇರ ಮಾಡಿದರು. ಅದು ಮೊದಲೇ ನೇರವಾಗಿತ್ತು. ಇನ್ನೊಂದನ್ನೂ ನೇರ ಮಾಡಿದರು.

"ಬಾಗಿಲು ಹಾಕೋವಾಗ ಮೇನ್ ಆಫ್ ಮಾಡೋದು ಅಪ್ಪಾಜಿ ಕಲಿಸಿದ್ದು" ಎಂದರು ಕೊನೆಗೆ. "ಈ ಬೀದಿ ಉದ್ದಕ್ಕೂ ಕೇಳ್ಕೊಂಡ್ ಬನ್ನಿ. ಮೇನ್ ಆಫ್ ಮಾಡ್ದೆ ಬಾಗಿಲು ಹಾಕೋ ಅಂಗಡಿ ಒಂದು ತೋರ್ಸಿ. ಎಲ್ಲಾ ಕಾಗದ, ಬಟ್ಟೆ. ಒಂದು ಕಿಡಿ ಸಾಕು ತಾಯಿ. ಇಲ್ಲಿ ಅಂಗಡಿ ಮುಚ್ಚಿ, ಆಮೇಲೆ ಸ್ಕೂಲ್‌ಗೆ ಹೋಗಿ ಅಲ್ಲೂ ಅಷ್ಟೇ. ಕೈ ತಾನಾಗೇ ಹೋಗುತ್ತೆ."

"ನಾನು ಕೇಳಿದ್ದು ಆವತ್ತಿನ ಮಾತು."

"ಮಾಡ್ದೆ."

ಹೊರಗೆ ಯಾರೋ ಕೈಗಾಡಿಯವನೊಂದಿಗೆ ಜಗಳಕ್ಕೆ ನಿಂತಿದ್ದರು. ಮಾಧವಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಒಂದು ಫ್ರಿಜ್ಜಿನ ಬಾಗಿಲು ತೆಗೆದು ನೋಡುವಷ್ಟು ತಾಳ್ಮೆ ಶನಿವಾರಕ್ಕೆ ಮುಂಚೆ ತನಗಿದ್ದಿದ್ದರೆ, ಒಬ್ಬ ಮನುಷ್ಯ ಇವತ್ತು ತನ್ನ ಕೆಲಸದ ಮೇಲಿರುತ್ತಿದ್ದ.

"ಅವನನ್ನ ನಿಲ್ಲಿಸ್ಕೊಂಡು, ಚಾರ್ಜರ್ ಕಿತ್ತೋನು ಇವನೇ ಅಂದೆ. ನೀವು ಮುಂದೇನೇ ಕೂತಿದ್ರಿ" ಎಂದಳು. "ಒಂದು ಮಾತು ಆಡ್ಬಾರ್ದಿತ್ತಾ?"

"ಆಡೋಕ್ ಹೋದೆ. ನಾಲಿಗೆ ಹೊರಳ್ಲಿಲ್ಲ." ನಂಜುಂಡಯ್ಯನವರ ದನಿ ತಗ್ಗಿತು. "ನಮ್ಮಪ್ಪ ಕಟ್ಟಿದ ಶಾಲೆ. ಅದರ ಮಕ್ಕಳು ನಡುಬೀದೀಲಿ ಅಳ್ತಾ ಇಳಿದ್ರಲ್ಲ, ಅದಕ್ಕೆ ನನ್ ಕೈ ಕಾರಣ ಅಂತ ನಾಲ್ಕು ಜನದ ಮುಂದೆ ಹೆಂಗೆ ಹೇಳ್ಲಿ? ಮನೇಗೆ ಹೋಗಿ ಪೂಜೆಗೆ ಕೂತೆ. ಕೈಯಲ್ಲಿ ಲಿಂಗ ಇಟ್ಕೊಳ್ಳೋಕೆ ನಾಚಿಕೆ ಆಯ್ತು ತಾಯಿ. ಆವತ್ತಿಂದ ದಿನಾ ಹಂಗೇ."

"ಚಲುವರಾಜು?"

"ಅವನಿಗೆ ಬೇರೆ ಕಡೆ ಕೆಲಸ ನೋಡಿಕೊಡೋಣ ಅಂತಿದ್ದೆ."

"ಬಸ್ಸು ಕೆಡಿಸ್ದೋನು ಅಂತ ಹೆಸರು ಹೊತ್ತೋನಿಗೆ ಯಾರ್ ಸ್ವಾಮೀ ಕೀ ಕೊಡ್ತಾರೆ?"

ಮುದುಕರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಮಾಧವಿ ನಿರೀಕ್ಷಿಸದ ಮಾತೊಂದನ್ನು ಆಡಿದರು.

"ಒಂದು ಹೇಳ್ಲಾ? ಆವತ್ತು ನಿಮ್ ಮೇಲೆ ನನಗೆ ಬಹಳ ಗೌರವ ಬಂತು."

"ಯಾಕೆ?"

"ನಿಮ್ಗೆ ಎಲ್ಲಾ ಗೊತ್ತಿದೆ ಅಂದ್ಕೊಂಡೆ. ಗೊತ್ತಿದ್ದೂ ನನ್ ಹೆಸರು ಬಿಟ್ರಿ, ನನ್ ಮಾನ ಉಳಿಸೋಕೆ ಆ ಚಲುವರಾಜು ಹೆಸರು ಹೇಳಿದ್ರಿ ಅಂದ್ಕೊಂಡೆ. ಮನಸಲ್ಲೇ ಕೈ ಮುಗ್ದೆ ನಿಮ್ಗೆ."

ಮಾಧವಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೂವತ್ತು ವರ್ಷದ ಇಲಾಖೆಯ ಕೆಲಸದಲ್ಲಿ ಅವಳು ಎಷ್ಟೋ ಬೈಗುಳ ತಿಂದಿದ್ದಳು, ಯಾವುದೂ ಈ ಮೆಚ್ಚುಗೆಯ ಹಾಗೆ ಸುಟ್ಟಿರಲಿಲ್ಲ. ಕಾಣದೇ ಹೋದದ್ದು ಒಂದು ತಪ್ಪು. ಕಂಡೂ ಬಡವನನ್ನು ಬಲಿ ಕೊಡುವವಳ ಹಾಗೆ ತಾನು ಕಂಡೆನಲ್ಲ ಎಂಬುದು ಅದಕ್ಕಿಂತ ದೊಡ್ಡ ಅವಮಾನ.

"ನನಗೆ ಗೊತ್ತಿರ್ಲಿಲ್ಲ" ಎಂದಳು, ದನಿ ಗಟ್ಟಿ ಮಾಡಿಕೊಂಡು. "ಇವತ್ತು ಬೆಳಿಗ್ಗೆವರೆಗೂ ಗೊತ್ತಿರ್ಲಿಲ್ಲ."

ನಂಜುಂಡಯ್ಯ ಕಣ್ಣು ಕಿರಿದು ಮಾಡಿ ನೋಡಿದರು.

"ಅದ್ ಹೆಂಗೆ ತಾಯಿ?"

ಈಗ ಮಾಧವಿಯೊಳಗಿನ ಪೊಲೀಸಿನವಳು ನಿಧಾನವಾಗಿ ಎದ್ದು ಕುಳಿತಳು.

"ಯಜಮಾನ್ರೇ, ಬಸ್ಸು ಬಂದು ಒಂದು ವಾರ ಅಲ್ಲೇ ಚಾರ್ಜ್ ಆಯ್ತು. ಆ ರಾತ್ರಿಗಳಲ್ಲಿ ಏನೂ ತೊಂದರೆ ಆಗ್ಲಿಲ್ಲ. ಆಗ ಮೇನ್ ಆಫ್ ಮಾಡ್ತಿರ್ಲಿಲ್ವಾ?"

"ಇಲ್ಲ. ಮಾಡ್ಬೇಡಿ ಅಂತ ಬಸ್ಸು ಬಂದ ದಿನಾನೇ ಹೇಳಿದ್ರು. ಅಷ್ಟು ರಾತ್ರೀನೂ ಆನ್ ಇಟ್ಟು ಹೋಗ್ತಿದ್ದೆ. ಮನೇಲಿ ನಿದ್ದೆ ಬರ್ತಿರ್ಲಿಲ್ಲ, ಬೆಂಕಿ ಬಿದ್ದಿದ್ರೆ ಅಂತ. ಎದ್ದೆದ್ದು ಕೂರ್ತಿದ್ದೆ."

"ಮತ್ತೆ ಆವತ್ತು ಮಾತ್ರ ಯಾಕೆ ಆಫ್ ಮಾಡಿದ್ರಿ? ಮರ್ತ್ರಾ?"

"ಮರೆಯೋದೇನು ಬಂತು? ಆವತ್ತು ಮಾಡಿ ಅಂತ ಹೇಳಿದ್ರು. ಇಲ್ಲೇ, ಈಗ ನೀವು ಕೂತಿದೀರಲ್ಲ, ಇಲ್ಲೇ ಕೂತ್ಕೊಂಡು. ಬಸ್ ಚಾರ್ಜ್ ಫುಲ್ ಆಗಿದೆ ತಾತ, ಇವತ್ತಾದ್ರೂ ಆಫ್ ಮಾಡಿ ನೆಮ್ಮದಿಯಾಗಿ ನಿದ್ದೆ ಮಾಡಿ ಅಂದ್ರು. ಎಷ್ಟು ಒಳ್ಳೇ ಹುಡುಗ, ನನ್ನ ನಿದ್ದೆ ವಿಚಾರ ನೆನಪಿಟ್ಕೊಂಡು ಬಂದಿದಾನಲ್ಲ ಅಂತ ಖುಷಿ ಪಟ್ಟೆ."

"ಯಾವ ಹುಡುಗ?"

ನಂಜುಂಡಯ್ಯನವರ ಮುಖದಲ್ಲಿ ಮೊದಲ ಸಲ ಅನುಮಾನ ಮೂಡಿತು.

"ನಿಮ್ ಹುಡುಗಾನೇ ತಾಯಿ. ನಿಮ್ ಕಶ್ಯಪ್ಪು. ಅದಕ್ಕೇ ಅಲ್ವಾ ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದು?"

*

ಆಟೋ ಚಾಮರಾಜಪೇಟೆಯ ಕಡೆ ತೆವಳುತ್ತಿತ್ತು. ಪಕ್ಕದಲ್ಲಿ ನಂಜುಂಡಯ್ಯ. ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ, ಇನ್ನು ಮುಚ್ಚಿಟ್ಟುಕೊಳ್ಳಲಾರೆ ಎಂದು ಅವರೇ ಅಂಗಡಿಯ ಬಾಗಿಲು ಅರ್ಧ ಎಳೆಸಿ ಹೊರಟುಬಂದಿದ್ದರು.

ಮಾಧವಿ ಹೊರಗೆ ನೋಡುತ್ತಿದ್ದಳು. ಈಗ ಎಲ್ಲ ಒಂದರ ಪಕ್ಕ ಒಂದು ಬಂದು ಕೂರುತ್ತಿತ್ತು. ಶಾಲೆಯ ಅಂಗಳದಲ್ಲಿ ಚಾರ್ಜ್ ಮಾಡಿದ ಬಸ್ಸು ನಡುಬೀದಿಯಲ್ಲಿ ನಿಂತರೆ, ಈ ಜಾಗ ಲಾಯಕ್ಕಿಲ್ಲ ಎಂದು ಮಂಡಳಿ ಹೆದರುತ್ತದೆ. ಹೆದರಿದವರಿಗೆ ಉಳಿಯುವುದು ಹೊರಗಿನ ಕಂಪನಿಯ ಗುತ್ತಿಗೆ. ಜೊತೆಗೆ ನಮ್ಮ ಚಾಲಕನೇ ಕಿತ್ತ ಎಂದಾದರೆ, ನಮ್ಮ ಚಾಲಕರೂ ಬೇಡ. ಒಂದೇ ಕಲ್ಲಿಗೆ ಎಲ್ಲ ಹಣ್ಣೂ ಉದುರಿದ್ದವು. ಕಶ್ಯಪನಿಗೆ ಅದರಲ್ಲಿ ಏನು ಸಿಗುತ್ತದೆ, ಅವನ ಹಿಂದೆ ಯಾರಿದ್ದಾರೆ, ಅದು ಗೊತ್ತಿಲ್ಲ. ತನ್ನನ್ನು ಯಾಕೆ ಕರೆತಂದ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಾಯಿತು. ಬೇರೆ ಯಾರಾದರೂ ಅವನ ಮಾತನ್ನು ಪರೀಕ್ಷೆ ಮಾಡುತ್ತಿದ್ದರು. ಅತ್ತೆ ಮಾಡುವುದಿಲ್ಲ.

ಪುಟ್ಟ ಕೈಯಲ್ಲಿ ತನ್ನ ಜಡೆ ಎಳೆದು ಆಡುತ್ತಿದ್ದ ಮಗು ಅದು. ತಮ್ಮನಿಗೆ ಏನೆಂದು ಹೇಳುವುದು? ಹೇಳದಿದ್ದರೆ ತುಳಸಮ್ಮನ ಮುಖ ಹೇಗೆ ನೋಡುವುದು? ಎರಡನೆಯ ಪ್ರಶ್ನೆಗೆ ಉತ್ತರ ಬೇಗ ಬಂತು. ಹೇಳಲೇಬೇಕು, ಎಲ್ಲರೆದುರು, ಶನಿವಾರ ಬೆರಳು ತೋರಿಸಿದ ಅದೇ ಜಾಗದಲ್ಲಿ ನಿಂತು.

"ಯಜಮಾನ್ರೇ, ನೀವು ಮೊದಲು ಮಾತಾಡ್ಬೇಡಿ" ಎಂದಳು. "ಮೊದಲು ನಾನು ಚಲುವರಾಜು ಹತ್ರ ಕ್ಷಮೆ ಕೇಳ್ತೀನಿ. ಆಮೇಲೆ ನೀವು."

ಮುದುಕರು ತಲೆಯಾಡಿಸಿದರು.

ಶಾಲೆಯ ಸಭಾಂಗಣದ ಬಾಗಿಲು ತೆರೆದೇ ಇತ್ತು. ಆಗಲೇ ಸಭೆ ಶುರುವಾಗಿತ್ತು. ಮಂಡಳಿಯವರು, ಮೇಷ್ಟರುಗಳು, ಒಂದಷ್ಟು ಪೋಷಕರು, ಹಿಂದೆ ಖಾಕಿ ತೊಟ್ಟ ಚಾಲಕರು ಕೈ ಕಟ್ಟಿ ನಿಂತಿದ್ದರು. ಪರದೆಯ ಮೇಲೆ ಹಸಿರು ಬಸ್ಸಿನ ಚಿತ್ರ. ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಕಶ್ಯಪ್ ಅವಳನ್ನು ಕಂಡು ಮುಗುಳ್ನಕ್ಕ. ಯಾವತ್ತಿನ ನಗುವೇ.

ವೇದಿಕೆಯ ಮುಂದೆ ಒಬ್ಬ ಮನುಷ್ಯ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಮುಗಿದ ಕೈ. ಚಲುವರಾಜು. ಅವನನ್ನು ಯಾರು ಕರೆಸಿದರು?

"ತಪ್ಪಾಯ್ತು" ಎನ್ನುತ್ತಿದ್ದ ಅವನು. ಮೈಕು ಬೇಕಿರಲಿಲ್ಲ, ಅಷ್ಟು ನಿಶ್ಶಬ್ದ. "ಗನ್ ಕಿತ್ತಿದ್ದು ನಾನೇ. ಹೊಟ್ಟೆ ಉರಿಗೆ ಹಂಗೆ ಮಾಡ್ದೆ. ಮಕ್ಕಳಿಗೆ ತೊಂದ್ರೆ ಕೊಟ್ಟೆ. ದೊಡ್ಡೋರು ಕ್ಷಮಿಸ್ಬೇಕು."

ಹಿಂದೆ ನಿಂತ ಚಾಲಕರಲ್ಲೊಬ್ಬ ಮುಖ ತಿರುಗಿಸಿಕೊಂಡ. ಬಾಗಿಲ ಬಳಿ ತುಳಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ನಂಜುಂಡಯ್ಯನವರ ಕೈ ಮಾಧವಿಯ ತೋಳು ಹಿಡಿದುಕೊಂಡಿತು, ಬೀಳುವವರು ಹಿಡಿದುಕೊಳ್ಳುವ ಹಾಗೆ.

"ಸುಳ್ಳು!"

ಮಾಧವಿ ಕೂಗಿದ್ದು ಅವಳಿಗೇ ಆಮೇಲೆ ಕೇಳಿಸಿತು. ಸಭೆಯ ತಲೆಗಳೆಲ್ಲ ತಿರುಗಿದವು. ಅವಳು ಸಾಲುಗಳ ನಡುವೆ ದಾಪುಗಾಲು ಹಾಕಿ ಅವನ ಮುಂದೆ ಬಂದು ನಿಂತಳು.

"ಇವರು ಏನೂ ಮಾಡಿಲ್ಲ. ಹೋದ ವಾರ ನಾನು ಹೇಳಿದ್ದು ತಪ್ಪು. ಚಲುವರಾಜು, ನಿಮ್ಮ ಕಾಲಿಗೆ ಬೀಳಬೇಕು ನಾನು. ಮಾಡದ ತಪ್ಪನ್ನ ಯಾಕ್ ಒಪ್ಕೊಂಡ್ರಿ? ಹೀಗೆ ಹೇಳು ಅಂತ ಹೇಳ್ಕೊಟ್ಟೋರು ಯಾರು? ಹೆಸರು ಹೇಳಿ, ಹೆದರ್ಬೇಡಿ."

ಚಲುವರಾಜು ಮುಗಿದ ಕೈ ಇಳಿಸಲಿಲ್ಲ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು, ಹೇಳಿದ್ದನ್ನು ಸರಿಯಾಗಿ ಒಪ್ಪಿಸಿದರೂ ಬೈಸಿಕೊಂಡ ಮಗುವಿಗೆ ಆಗುವ ಹಾಗೆ.

"ಯಾಕ್ ಮೇಡಂ ಎಲ್ಲರ ಮುಂದೆ ಹಿಂಗಂತೀರಾ?" ಎಂದ. "ನೀವೇ ಅಲ್ವಾ ಹೇಳಿ ಕಳಿಸಿದ್ದು, ಒಪ್ಕೊಂಡ್ರೆ ತುಳಸಿ ಕೆಲಸ ಆದ್ರೂ ಉಳಿಸ್ಕೊಡ್ತೀನಿ ಅಂತ?"